ಆಶ್ರಯದ ನಂತರದ ಆರೈಕೆ: ನಿರಾಶ್ರಿತರು ಮತ್ತು ಹೆಪಟೈಟಿಸ್ ಬಿ

ಮನೆಮಠ ಕಳೆದುಕೊಂಡು ಬಂದವರಿಗೆ ಸೂರು, ಅನ್ನ, ಬಟ್ಟೆ ಕೊಟ್ಟರೆ ಹೊಣೆ ಮುಗಿಯಿತೆಂದು ನಾವು ಭಾವಿಸುವುದುಂಟು. ಆದರೆ ಮದೀನಾದ ಅನ್ಸಾರ್‌ಗಳು ಮುಹಾಜಿರ್‌ಗಳನ್ನು ಸ್ವಂತ ಮನೆಯವರಂತೆ ಕಂಡ ಚರಿತ್ರೆ ನಮಗೆ ಗೊತ್ತು. ಆಶ್ರಯವೆಂದರೆ ಬಾಗಿಲು ತೆರೆಯುವುದಷ್ಟೇ ಅಲ್ಲ ಎಂಬುದನ್ನು ಕಳೆದ ಐವತ್ತು ವರ್ಷಗಳ ಇನ್ನೊಂದು ಚರಿತ್ರೆಯೂ ಹೇಳುತ್ತದೆ.

1975ರ ಏಪ್ರಿಲ್ 30ರಂದು ಸೈಗಾನ್ ಪತನವಾಯಿತು. ಆ ನಂತರದ ವರ್ಷಗಳಲ್ಲಿ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳ ಲಕ್ಷಾಂತರ ಜನ ನಿರಾಶ್ರಿತರಾಗಿ ಅಮೆರಿಕ ಸೇರಿದರು. ಅಲ್ಲಿನ ಸಾಮಾನ್ಯ ಜನರಲ್ಲಿ ನೂರಕ್ಕೆ ಒಬ್ಬರಿಗೂ ಇಲ್ಲದ ಹೆಪಟೈಟಿಸ್ ಬಿ ಸೋಂಕು ಇವರಲ್ಲಿ ನೂರಕ್ಕೆ ಹತ್ತರ ಆಸುಪಾಸಿನಲ್ಲಿತ್ತು.

ಬರೂಕ್ ಬ್ಲೂಮ್‌ಬರ್ಗ್ ಮತ್ತು ಸಂಗಡಿಗರು ಈ ವೈರಾಣುವಿನ ಗುರುತನ್ನು ರಕ್ತದಲ್ಲಿ ಕಂಡು ಪ್ರಕಟಿಸಿದ್ದು 1965ರಲ್ಲಿ. 1976ರಲ್ಲಿ ಬ್ಲೂಮ್‌ಬರ್ಗ್‌ಗೆ ನೊಬೆಲ್ ಬಂತು. 1981ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಅನುಮತಿ ಸಿಕ್ಕಿತು. ಹೆರಿಗೆಯ ವೇಳೆ ತಾಯಿಯಿಂದ ಸೋಂಕು ತಗಲಿದ ಹತ್ತು ಶಿಶುಗಳಲ್ಲಿ ಒಂಬತ್ತಕ್ಕೆ ಅದು ಬದುಕಿಡೀ ಉಳಿಯುತ್ತದೆ. ದೊಡ್ಡವರಲ್ಲಿ ಹೀಗಾಗುವುದು ನೂರಕ್ಕೆ ಐವರಿಗಿಂತ ಕಡಿಮೆ. ದಶಕಗಳ ಕಾಲ ನೋವಿಲ್ಲ, ಕಾಮಾಲೆಯಿಲ್ಲ. ಕೊನೆಗೆ ಕೆಲವರಲ್ಲಿ ಲಿವರ್ ಗಟ್ಟಿಯಾಗುತ್ತದೆ, ಇಲ್ಲವೇ ಕ್ಯಾನ್ಸರ್ ಆಗುತ್ತದೆ.

ಅಮೆರಿಕದ ಆರೋಗ್ಯ ಇಲಾಖೆ 1988ರಲ್ಲಿ ಎಲ್ಲ ಗರ್ಭಿಣಿಯರಿಗೂ ಪರೀಕ್ಷೆ, 1991ರಲ್ಲಿ ಎಲ್ಲ ಶಿಶುಗಳಿಗೂ ಲಸಿಕೆ, 2008ರಲ್ಲಿ ಸೋಂಕು ಹೆಚ್ಚಿರುವ ದೇಶಗಳಲ್ಲಿ ಹುಟ್ಟಿದ ಎಲ್ಲರಿಗೂ ಪರೀಕ್ಷೆ ಎಂದು ಸೂಚಿಸಿತು. ಅಷ್ಟರಲ್ಲಿ 1991ರ ನಂತರದ ಅಂತರ್ಯುದ್ಧದಿಂದ ತಪ್ಪಿಸಿಕೊಂಡ ಸೊಮಾಲಿ ಮುಸ್ಲಿಮರು ಮಿನೆಸೋಟಾದಲ್ಲಿ ನೆಲೆಸಿದ್ದರು. ಬರ್ಮಾದವರೂ ಬಂದರು.

ತೊಡಕು ಇದ್ದದ್ದು ಪರೀಕ್ಷೆಯ ನಂತರ. ಬಂದ ಮೊದಲ ತಿಂಗಳುಗಳಲ್ಲಿ ರಕ್ತ ಕೊಟ್ಟವನ ಕೈಗೆ ಅರ್ಥವಾಗದ ಭಾಷೆಯ ಕಾಗದ ಬರುತ್ತದೆ. ನಿರಾಶ್ರಿತರಿಗೆಂದೇ ಇದ್ದ ವೈದ್ಯಕೀಯ ನೆರವು ಬಹುಕಾಲ ಎಂಟೇ ತಿಂಗಳಿಗೆ ಮುಗಿಯುತ್ತಿತ್ತು. ಕೆಲಸ ಹುಡುಕಿ ಊರು ಬದಲಾಯಿಸಿದರೆ ಹಳೆಯ ದಾಖಲೆ ಅಲ್ಲೇ ಉಳಿಯುತ್ತದೆ. ಮೈಯಲ್ಲಿ ಏನೂ ಇಲ್ಲದಿರುವಾಗ ಆಸ್ಪತ್ರೆಗೇಕೆ ಎಂಬ ಪ್ರಶ್ನೆ ಬೇರೆ. ಮಗಳ ಮದುವೆ ಮಾತಿಗೆ ಅಡ್ಡಿಯಾದೀತೆಂಬ ಅಳುಕು ಅದಕ್ಕಿಂತ ದೊಡ್ಡದು.

ಪರಿಹಾರ ಕಷ್ಟದ್ದಲ್ಲ. ಫಲಿತಾಂಶವನ್ನು ಅವರದೇ ಭಾಷೆಯಲ್ಲಿ ತಿಳಿಸಬೇಕು. ಮುಂದಿನ ಭೇಟಿಯ ದಿನವನ್ನು ಆಗಲೇ ಗೊತ್ತುಮಾಡಬೇಕು. ಮನೆಯವರೆಲ್ಲರಿಗೂ ಪರೀಕ್ಷೆ ಮಾಡಿಸಿ, ಸೋಂಕಿಲ್ಲದವರಿಗೆ ಲಸಿಕೆ ಕೊಡಬೇಕು. ಸೋಂಕಿದ್ದವರೆಲ್ಲರಿಗೂ ಮಾತ್ರೆ ಬೇಕಿಲ್ಲ. ಬೇಕಾದವರಿಗೆ ಟೆನೊಫೊವಿರ್, ಎಂಟೆಕಾವಿರ್ ಇವೆ. ಕ್ಯಾನ್ಸರ್ ಅಪಾಯ ಇರುವವರು ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸಬೇಕು. ಒಂದೇ ತಟ್ಟೆಯಲ್ಲಿ ಉಂಡರೆ, ಕೈಕುಲುಕಿದರೆ ಇದು ಹರಡುವುದಿಲ್ಲ ಎಂಬುದನ್ನು ಎಲ್ಲರಿಗೂ ಹೇಳಬೇಕು.

ಇದು ದೂರದ ಕಥೆಯಷ್ಟೇ ಅಲ್ಲ. ನಮ್ಮ ದೇಶದಲ್ಲಿ ಈ ಲಸಿಕೆ ಎಲ್ಲ ಶಿಶುಗಳಿಗೂ ವಿಸ್ತರಣೆಯಾದದ್ದು 2011ರ ಹೊತ್ತಿಗೆ. ಹಾಗಾಗಿ ನಮ್ಮ ಮನೆಗಳ ಹಿರಿಯರಲ್ಲಿ ಲಸಿಕೆ ಪಡೆಯದವರೇ ಹೆಚ್ಚು. 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ, ಚಿಕಿತ್ಸೆ ಉಚಿತ. ನಾವೂ ಪರೀಕ್ಷೆ ಮಾಡಿಸೋಣ. ಸೋಂಕಿದೆ ಎಂದು ತಿಳಿದವರನ್ನು ದೂರವಿಡದೆ, ಆಸ್ಪತ್ರೆಗೆ ಜೊತೆಯಲ್ಲಿ ಹೋಗೋಣ.