ಕತ್ತಿವರಸೆಯ ಓನಾಮ

ಜಂಗಮಕೋಟೆ, ಶಿಡ್ಲಘಟ್ಟ, ಚಿಂತಾಮಣಿಗಳ ಸೀಮೆಯಲ್ಲಿ ಕೆರೆಯ ಏರಿಗಳ ಮೇಲೂ ಊರ ಮುಂದಣ ತೋಪುಗಳಲ್ಲಿಯೂ ನಿಂತಿರುವ ವೀರಗಲ್ಲುಗಳನ್ನು ನೋಡದವರು ವಿರಳ. 2007ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಪ್ರದೇಶವು ಕೋಲಾರಕ್ಕೆ ಸೇರಿದ್ದಿತು. ಆದಕಾರಣ ಇಲ್ಲಿಯ ಶಾಸನಗಳನ್ನು ರೈಸ್ ಸಾಹೇಬರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟದಲ್ಲಿ ಹುಡುಕಬೇಕು. ಅವುಗಳಲ್ಲಿ ತುರುಗಾಳಗದಲ್ಲಿ ಮಡಿದವರ ಸ್ಮಾರಕಗಳು ಬಹಳ. ಹಗೆಗಳು ದನವನ್ನು ಹೊಡೆದುಕೊಂಡು ಹೋದರು. ಇವನು ಬೆನ್ನಟ್ಟಿ ತುರುವನ್ನು ಮರಳಿಸಿ ಸತ್ತನು. ಮಕ್ಕಳಿಗೆ ಗದ್ದೆ ಕೊಟ್ಟರು. ಸಂಗತಿ ಇಷ್ಟೆ.

ಇಂತಹ ಕಲ್ಲಿನ ಮುಂದೆ ನಿಂತು ನಾವು ವೀರನ ಧೈರ್ಯವನ್ನು ಕೊಂಡಾಡುತ್ತೇವೆ. ಆದರೆ ಧೈರ್ಯವೊಂದರಿಂದಲೇ ಕತ್ತಿಯು ಕೈಯಲ್ಲಿ ನಿಲ್ಲುವುದಿಲ್ಲ. ಹೊಲ ಉಳುತ್ತಿದ್ದವನು ಗುರಾಣಿಯನ್ನು ಎಡಗೈಯಲ್ಲಿ ಹೀಗೆ ಎತ್ತಿ ಹಿಡಿಯುವುದನ್ನು ಯಾವಾಗ ಕಲಿತನು? ಅವನ ಮೊದಲ ಪಾಠ ಏನಾಗಿದ್ದಿತು? ಶಿಲ್ಪಿಯು ನಮಗೆ ತೋರಿಸುವುದು ಕೊನೆಯ ಗಳಿಗೆಯನ್ನು ಮಾತ್ರ. ನಮ್ಮ ಚರಿತ್ರಕಾರರೂ ಅಲ್ಲಿಂದಾಚೆಗೆ ಪ್ರಶ್ನಿಸುವ ಗೋಜಿಗೆ ಹೆಚ್ಚಾಗಿ ಹೋಗಿಲ್ಲ. ಇದು ಕೊರತೆಯೆಂದೇ ನಮ್ಮ ಅಭಿಪ್ರಾಯ.

ಗ್ರಂಥಗಳಲ್ಲಿ ಮೊದಲು ಅಗ್ನಿಪುರಾಣವನ್ನು ನೋಡಬೇಕು. ಅದರ ಧನುರ್ವೇದಭಾಗವು ಬಾಣವನ್ನು ಬಿಡುವುದಕ್ಕೆ ಮುಂಚೆ ನಿಲ್ಲುವುದನ್ನು ಕಲಿಸುತ್ತದೆ. ಅಂಗುಷ್ಠ, ಹರಡು, ಹಿಮ್ಮಡಿಗಳು ಕೂಡಿದ್ದರೆ ಸಮಪದ; ಪಾದಗಳ ನಡುವೆ ಮೂರು ಗೇಣು ಅಂತರವಾದರೆ ವೈಶಾಖ; ನಾಲ್ಕಾದರೆ ಮಂಡಲ; ಐದಾದರೆ ಆಲೀಢ; ಅದನ್ನೇ ತಿರುಗುಮುರುಗು ಮಾಡಿದರೆ ಪ್ರತ್ಯಾಲೀಢ. ಕತ್ತಿ ಗುರಾಣಿಗಳ ಚಲನೆಗಳು ಅನಂತರ ಬರುತ್ತವೆ: ಭ್ರಾಂತ, ಉದ್ಭ್ರಾಂತ, ಆವಿದ್ಧ, ಆಪ್ಲುತ, ವಿಪ್ಲುತ ಎಂದು ಮೊದಲಾಗಿ ಮೂವತ್ತೆರಡು. ಡೇಗೆಯು ಎರಗುವಂತೆ ಎರಗುವುದಕ್ಕೆ ಶ್ಯೇನಪಾತವೆಂದು ಹೆಸರು. ಹುಡುಗರ ಮನಸ್ಸು ಶ್ಯೇನಪಾತದ ಕಡೆಗೇ ಓಡುವುದು ಸಹಜ. ಶಾಸ್ತ್ರವು ಅವರನ್ನು ಹಿಡಿದು ಸಮಪದದಲ್ಲಿ ನಿಲ್ಲಿಸುತ್ತದೆ.

ನಮ್ಮ ಗರಡಿಗಳ ಕ್ರಮವೂ ಇದಕ್ಕೆ ದೂರವಲ್ಲ. ಕೆಮ್ಮಣ್ಣಿನ ಮಟ್ಟಿಗೆ ಇಳಿದವನಿಗೆ ಮೊದಲು ದಂಡೆ, ಬಸ್ಕಿ, ಆಮೇಲೆ ಹೆಜ್ಜೆ, ಕೈಗೆ ಕೋಲು, ಕತ್ತಿಯು ಕಟ್ಟಕಡೆಗೆ. ಗೊತ್ತಾದ ಹೆಜ್ಜೆಹೊಡೆತಗಳ ಸಾಲಿಗೆ ವರಸೆಯೆಂದು ಹೆಸರು. ಸಂಗೀತವನ್ನು ಕಲಿಯುವ ಮಕ್ಕಳಿಗೆ ಸರಳೆವರಸೆ, ಜಂಟಿವರಸೆಗಳನ್ನು ಹೇಳಿಕೊಡುವಾಗ ನಾವು ಬಳಸುವುದೂ ಇದೇ ಮಾತನ್ನು. ಸರಳೆಯನ್ನು ಬಿಟ್ಟು ಕೀರ್ತನೆಗೆ ಹಾರಿದವನ ಗತಿ ಏನೆಂಬುದು ಮನೆಯಲ್ಲಿ ಪಿಟೀಲು ಇರುವವರಿಗೆಲ್ಲ ತಿಳಿದದ್ದೇ!

ಆಯುಧಯುದ್ಧವು ವಿನೋದವೂ ಆಗಿದ್ದಿತೆಂಬುದಕ್ಕೆ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು (1126–1138) ರಚಿಸಿದ ‘ಮಾನಸೋಲ್ಲಾಸ’ವೇ ಸಾಕ್ಷಿ. ಅದರಲ್ಲಿ ಅರಸನ ಮುಂದೆ ಅಂಕಕಾರರು ಆಯುಧ ಹಿಡಿದು ಕಾದುವ ಅಂಕವಿನೋದಕ್ಕೆ ಒಂದು ಅಧ್ಯಾಯ, ಮಲ್ಲವಿನೋದಕ್ಕೆ ಇನ್ನೊಂದು. ಮಲ್ಲರಲ್ಲಿ ಇನ್ನೂ ಬೆಳೆಯುತ್ತಿರುವ ತರುಣನನ್ನು ‘ಭವಿಷ್ಣು’ ಎಂದೂ ಬಲಿತವನನ್ನು ‘ಪ್ರರೂಢ’ನೆಂದೂ ಕರೆದಿದೆ. ಭವಿಷ್ಣುವೆಂದರೆ ಮುಂದೆ ಆಗತಕ್ಕವನು. ಹೊಸಬನಿಗೆ ಇದಕ್ಕಿಂತ ಮರ್ಯಾದೆಯ ಹೆಸರನ್ನು ನಾವು ಕಂಡಿಲ್ಲ.

ವಿಜಯನಗರದ ಕಾಲಕ್ಕೆ ಬಂದರೆ ಪೋರ್ಚುಗೀಸರ ಬರೆಹಗಳು ನೆರವಾಗುತ್ತವೆ. 1535ರ ಸುಮಾರಿನ ನೂನಿಜನ ಪ್ರಕಾರ ದ್ವಂದ್ವಯುದ್ಧ ಮಾಡುವವರಿಗೆ ಬಹಳ ಗೌರವವಿದ್ದಿತು. ಆದರೆ ಮಂತ್ರಿಯ ಅಪ್ಪಣೆಯಿಲ್ಲದೆ ಯಾರೂ ಕಾದುವಂತಿರಲಿಲ್ಲ. ಸತ್ತವನ ಆಸ್ತಿಯು ಗೆದ್ದವನಿಗೆ ಸಲ್ಲುತ್ತಿದ್ದಿತು. ಹೀಗಿರಲಾಗಿ, ಅರೆಕಲಿತವನು ಕಣಕ್ಕೆ ಇಳಿದರೆ ಹೆಂಡತಿಮಕ್ಕಳ ಅನ್ನವೂ ಅವನೊಡನೆ ಹೋಗುತ್ತಿದ್ದಿತು. 1520ರ ಸುಮಾರಿನಲ್ಲಿ ಬಂದ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ಹೇಳಿದ್ದಾನೆ: ಬೆಳಗಾಗುವ ಮುನ್ನ ಎಳ್ಳೆಣ್ಣೆಯನ್ನು ಕುಡಿದು, ಮೈಗೆ ಅದನ್ನೇ ಪೂಸಿಕೊಂಡು, ಮಣ್ಣಿನ ಭಾರಗಳನ್ನು ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಹೋಗುವವರೆಗೆ ಕತ್ತಿಯನ್ನು ತಿರುಗಿಸಿ, ಆಮೇಲೆ ಒಬ್ಬ ಜಟ್ಟಿಯೊಡನೆ ಕುಸ್ತಿ, ಅನಂತರ ಕುದುರೆಸವಾರಿ. ರಾಯನು ಹೊಸಬನೇನೂ ಅಲ್ಲ. ಆದರೂ ಮೊದಲ ಪಾಠವನ್ನು ದಿನವೂ ಒಪ್ಪಿಸುತ್ತಿದ್ದನು.

ಹೊಸಬನು ಕಾದಾಟದಲ್ಲಿ ಪಾಲಿಸಬೇಕಾದ ಯುಕ್ತಿ ಯಾವುದು? ಬಲ್ಲವರು ಕಲಿಸುವುದು ಹೆಚ್ಚಾಗಿ ತಾಳ್ಮೆಯನ್ನು. ತನ್ನ ಆಯುಧ ಎಷ್ಟು ದೂರ ಮುಟ್ಟುತ್ತದೆ, ಎದುರಾಳಿಯದು ಎಷ್ಟು ಎಂಬುದನ್ನು ಕಣ್ಣಳತೆಯಲ್ಲಿ ಅರಿಯಬೇಕು. ಉದ್ದದ ಕೋಲಿನವನು ಹಗೆಯನ್ನು ದೂರದಲ್ಲಿಯೇ ತಡೆಯಬೇಕು. ಗಿಡ್ಡ ಕತ್ತಿಯವನು ಕೋಲು ಬೀಸಿಹೋದ ಮರುಕ್ಷಣದಲ್ಲಿ ಒಳಗೆ ನುಗ್ಗಬೇಕು. ಬೀಸಿದ ಆಯುಧವು ಗುರಿ ತಪ್ಪಿದಾಗ ಅದನ್ನು ಹಿಂದಕ್ಕೆ ಎಳೆದುಕೊಳ್ಳುವಷ್ಟು ಕಾಲ ಮೈ ತೆರೆದಿರುತ್ತದೆ. ಹೊಡೆತಕ್ಕೆ ಅದೇ ಸಮಯ. ಆದಕಾರಣ ಮೊದಲು ತಡೆ, ಆಮೇಲೆ ಹೊಡೆ. ಹತ್ತು ವರಸೆಗಳನ್ನು ಅರೆಬರೆಯಾಗಿ ಬಲ್ಲವನಿಗಿಂತ ಎರಡನ್ನು ಚೆನ್ನಾಗಿ ಬಲ್ಲವನು ಮೇಲು.

ಮಹಾಭಾರತದ ಶಲ್ಯಪರ್ವದಲ್ಲಿ ಇದಕ್ಕೊಂದು ನಿದರ್ಶನವಿದೆ. ಭೀಮನು ಬಲಿಷ್ಠ, ದುರ್ಯೋಧನನು ಕೃತಾಭ್ಯಾಸಿ. ಬಲಿಷ್ಠನಿಗಿಂತ ಅಭ್ಯಾಸಿಯೇ ಮಿಗಿಲೆಂದು ಕೃಷ್ಣನು ಅಂಜುತ್ತಾನೆ. ಭೀಮನ ಲೋಹಪ್ರತಿಮೆಯನ್ನು ಮಾಡಿಸಿ ಹದಿಮೂರು ವರ್ಷ ಅದರ ಮೇಲೆ ಗದೆಯನ್ನು ಆಡಿಸಿದವನು ದುರ್ಯೋಧನ. ರನ್ನನ ‘ಗದಾಯುದ್ಧ’ವನ್ನು ಓದುವವರು ಈ ಪ್ರತಿಮೆಯನ್ನು ನೆನಪಿನಲ್ಲಿಟ್ಟುಕೊಂಡರೆ ಕುರುಪತಿಯ ಮೇಲಣ ಮರುಕ ಇನ್ನಷ್ಟು ಹೆಚ್ಚೀತು.

ಈಗಿನ ಹುಡುಗರು ಇದೇ ಕಾಳಗವನ್ನು ಯಂತ್ರದ ತೆರೆಯ ಮೇಲೆ ಆಡುತ್ತಾರೆ. ಜಪಾನಿನ ನ್ಯಾಮ್ಕೊ ಸಂಸ್ಥೆಯು 1998ರಲ್ಲಿ ಹೊರತಂದ ‘ಸೋಲ್ ಕ್ಯಾಲಿಬರ್’ ಎಂಬ ಆಟದಲ್ಲಿ ಒಬ್ಬನಿಗೆ ಉದ್ದದ ದೊಣ್ಣೆ, ಒಬ್ಬನಿಗೆ ಬಾಗಿದ ಖಡ್ಗ, ಒಬ್ಬಳಿಗೆ ಗಿಡ್ಡ ಕತ್ತಿ ಮತ್ತು ಗುರಾಣಿ. ಸಿಕ್ಕಿದ ಗುಂಡಿಗಳನ್ನೆಲ್ಲ ಒತ್ತುವ ಹೊಸಬನು ಸೋಲುತ್ತಾನೆ; ತಡೆದು, ಪಕ್ಕಕ್ಕೆ ಸರಿದು, ಬಿಡುವು ನೋಡಿ ಹೊಡೆಯುವವನು ಗೆಲ್ಲುತ್ತಾನೆ. ಹಿರಿಯರು ಇದನ್ನು ಕಾಲಹರಣವೆಂದು ಬಯ್ಯುವುದುಂಟು. ಸೋಮೇಶ್ವರನಾದರೋ ಇದನ್ನೂ ತನ್ನ ವಿನೋದಗಳ ಪಟ್ಟಿಗೆ ಸೇರಿಸುತ್ತಿದ್ದನೆಂದು ನಮಗೆ ತೋರುತ್ತದೆ. ಆದರೆ ತೆರೆಯ ಮೇಲೆ ಸೋತವನು ಮರುಗಳಿಗೆಯಲ್ಲಿ ಎದ್ದು ನಿಲ್ಲುತ್ತಾನೆ. ತುರುಗಾಳಗದಲ್ಲಿ ಬಿದ್ದವನು ಕಲ್ಲಾದನು.

ಮೈಸೂರಿನಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವು ಮೊದಲ ರಕ್ತದ ಹನಿ ಕಂಡೊಡನೆ ನಿಲ್ಲುತ್ತದೆ. ಅರಮನೆಯ ಆಶ್ರಯವಿದ್ದುದರಿಂದ ಅದು ಉಳಿಯಿತು. ಹಳ್ಳಿಯ ಕೋಲುವರಸೆ, ಕತ್ತಿವರಸೆಗಳಿಗೆ ಅಂತಹ ಆಶ್ರಯವಿರಲಿಲ್ಲ. ಅವು ಉಸ್ತಾದರ ಬಾಯಿಂದ ಶಿಷ್ಯನ ಕಾಲಿಗೆ ಬಂದ ವಿದ್ಯೆ. ಒಬ್ಬ ಉಸ್ತಾದರು ತೀರಿಕೊಂಡರೆ ಹಲವು ವರಸೆಗಳ ಹೆಸರು ಸಹಿತ ಅಳಿಯುತ್ತವೆ. ನಮ್ಮ ವಾಚಕರಲ್ಲಿ ಯಾರ ಮನೆಯಲ್ಲಿಯಾದರೂ ಗರಡಿಯಲ್ಲಿ ಸಾಮು ಮಾಡಿದ ಅಜ್ಜಂದಿರು ಇದ್ದರೆ, ಅವರಿಗೆ ಮೊದಲ ದಿನ ಹೇಳಿಕೊಟ್ಟ ಹೆಜ್ಜೆ ಯಾವುದು, ಅದಕ್ಕೆ ಏನೆಂದು ಕರೆಯುತ್ತಿದ್ದರು, ಎಡಗಾಲು ಮುಂದೋ ಬಲಗಾಲು ಮುಂದೋ ಎಂಬುದನ್ನು ಕೇಳಿ ಈ ವರ್ಷವೇ ಬರೆದಿಡಬೇಕಾಗಿ ಪ್ರಾರ್ಥನೆ.