ಗ್ರಹಗಳನ್ನು ತೂಗಿದ ತಕ್ಕಡಿ

ಕಲಘಟಗಿ ತಾಲೂಕಿನ ತಂಬೂರಿನಂಥ ಹಳ್ಳಿಗಳಲ್ಲಿ, ಗಡಿಯಾರ ಮನೆಮನೆಗೆ ಬರುವ ಮೊದಲು, ಬೆಳಗಿನ ಜಾವವಾಯಿತೆಂದು ಸಾರುತ್ತಿದ್ದುದು ಬೆಳ್ಳಿಚಿಕ್ಕಿ. ಇರುಳಿನ ಬಾನಿನಲ್ಲಿ ಚಂದ್ರನನ್ನು ಬಿಟ್ಟರೆ ಅದರಷ್ಟು ಹೊಳೆಯುವ ಗ್ರಹ ಬೇರೊಂದಿಲ್ಲ. ಆದರೆ ಹೊಳಪು ಬೇರೆ, ತೂಕ ಬೇರೆ. ಎಲ್ಲರಿಗೂ ಪರಿಚಿತನಾದ ಈ ಶುಕ್ರನನ್ನು ನಿಖರವಾಗಿ ತೂಗಲು ಮನುಷ್ಯನು 1962ರವರೆಗೆ ಕಾಯಬೇಕಾಯಿತು. ಬಹುದೂರದ ಗುರುವಿನ ತೂಕವಾದರೋ ಅದಕ್ಕೆ ಎರಡು ಶತಮಾನಗಳಿಗೂ ಹಿಂದೆಯೇ ಗೊತ್ತಾಗಿತ್ತು. ಇದು ಹೇಗೆ?

ನಮ್ಮ ಪ್ರಾಚೀನ ಸಿದ್ಧಾಂತಕಾರರು ಗ್ರಹಗಳ ಗತಿಯನ್ನೂ ದೂರವನ್ನೂ ಲೆಕ್ಕ ಹಾಕಿದರು. ಎಲ್ಲ ಗ್ರಹಗಳೂ ದಿನವೊಂದಕ್ಕೆ ಸಮನಾದ ಯೋಜನಗಳನ್ನು ಕ್ರಮಿಸುತ್ತವೆಂಬುದು ಅವರ ಎಣಿಕೆ. ಹೀಗಾಗಿ ತೂಕದ ಪ್ರಶ್ನೆಯೇ ಏಳಲಿಲ್ಲ. 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ಯನ್ನು ರಚಿಸಿದ ಭಾಸ್ಕರಾಚಾರ್ಯರು ಭೂಮಿಗೆ ಆಕರ್ಷಣ ಶಕ್ತಿಯುಂಟೆಂದು ಹೇಳಿದರು. ಆ ಶಕ್ತಿಯನ್ನೇ ತಕ್ಕಡಿಯಾಗಿ ಹಿಡಿದು ಗ್ರಹಗಳನ್ನು ತೂಗುವ ಕೆಲಸ ಮಾತ್ರ ನ್ಯೂಟನ್ನನಿಗಾಗಿ ಉಳಿದಿತ್ತು.

1687ರಲ್ಲಿ ‘ಪ್ರಿನ್ಸಿಪಿಯಾ’ ಹೊರಬಂದಿತು. ಅದರಿಂದ ಹೊರಡುವ ನಿಯಮ ಸರಳ: ಗ್ರಹದ ದ್ರವ್ಯರಾಶಿ ಹೆಚ್ಚಿದಷ್ಟೂ ಅದರ ಚಂದ್ರ ಬೇಗ ಬೇಗ ಸುತ್ತಬೇಕು. ಚಂದ್ರನ ದೂರವನ್ನೂ ಸುತ್ತಿನ ಕಾಲವನ್ನೂ ತಿಳಿದರೆ ಗ್ರಹವನ್ನು ತೂಗಿದಂತೆಯೇ ಸರಿ. ಗುರುವಿನ ರಾಶಿ ಸೂರ್ಯನದರ 1067ರಲ್ಲಿ ಒಂದು ಪಾಲೆಂದು ಆ ಗ್ರಂಥದ 1726ರ ಮುದ್ರಣ ಹೇಳುತ್ತದೆ. ಇಂದಿನ ಲೆಕ್ಕ 1047ರಲ್ಲಿ ಒಂದು. ಆ ಕಾಲಕ್ಕೆ ಇದೇನು ಸಾಮಾನ್ಯ ಸಾಧನೆಯೆ? ಆದರೆ ಕಾಲ ಕೆಳಗಿನ ಭೂಮಿಯ ವಿಷಯದಲ್ಲಿ ಅದೇ ಮಹಾನುಭಾವ ಎಡವಿದ. 1,69,282ರಲ್ಲಿ ಒಂದು ಪಾಲೆಂದ. ನಿಜವಾಗಿ ಅದು ಸುಮಾರು 3,33,000ದಲ್ಲಿ ಒಂದು. ಅಂದರೆ ಭೂಮಿ ಇದ್ದುದಕ್ಕಿಂತ ಇಮ್ಮಡಿ ಭಾರವಾಯಿತು!

ನಿಯಮದಲ್ಲಿ ದೋಷವಿರಲಿಲ್ಲ. ಗುರುವಿನ ಚಂದ್ರರ ದೂರವನ್ನೂ ಸೂರ್ಯನಿಂದ ಗುರುವಿನ ದೂರವನ್ನೂ ಒಂದೇ ಅಳತೆಗೋಲಿನಿಂದ ಹೋಲಿಸಬಹುದಿತ್ತು. ನಮ್ಮ ಚಂದ್ರನ ದೂರ ಭೂಮಿಯ ತ್ರಿಜ್ಯದ ಲೆಕ್ಕದಲ್ಲಿ ತಿಳಿದಿತ್ತು. ಸೂರ್ಯನ ದೂರ ಆ ಲೆಕ್ಕದಲ್ಲಿ ಸರಿಯಾಗಿ ತಿಳಿದಿರಲಿಲ್ಲ. ಐದು ಪಾಲು ದೂರವನ್ನು ನಾಲ್ಕೆಂದು ಹಿಡಿದರೆ ಸೂರ್ಯನ ರಾಶಿ ಅರ್ಧಕ್ಕೆ ಇಳಿದುಬಿಡುತ್ತದೆ.

ಈ ಕೊರತೆಯನ್ನು ತುಂಬಿದವನು ಶುಕ್ರನೇ. ಅವನು ಸೂರ್ಯಬಿಂಬವನ್ನು ಹಾಯುವುದನ್ನು ಬೇರೆ ಬೇರೆ ಊರುಗಳಿಂದ ನೋಡಿದರೆ ಸೂರ್ಯನ ದೂರ ಸಿಗುತ್ತದೆ. 1761, 1769ರಲ್ಲಿ ವಿದ್ವಾಂಸರು ಇದಕ್ಕಾಗಿ ಸಾಗರಗಳನ್ನೇ ದಾಟಿದರು. 1874ರ ಡಿಸೆಂಬರ್ 9ರ ಸಂಕ್ರಮ ಭಾರತಕ್ಕೂ ಕಂಡಿತು. ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿಯವರು ಅದನ್ನು ಕುರಿತು ಬರೆದ ಪುಸ್ತಿಕೆ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಸಿದ್ಧವಾಯಿತೆಂಬುದು ನಮಗೆ ಹೆಮ್ಮೆಯ ಮಾತು.

ಸೂರ್ಯನ ದೂರವನ್ನು ಕೊಟ್ಟ ಶುಕ್ರ ತನ್ನ ತೂಕದ ಗುಟ್ಟನ್ನು ಬಿಟ್ಟುಕೊಡಲಿಲ್ಲ, ಅವನಿಗೆ ಚಂದ್ರನಿಲ್ಲ. ನೆರೆಯ ಗ್ರಹಗಳ ಗತಿಯಲ್ಲಿ ಅವನು ಉಂಟುಮಾಡುವ ಸಣ್ಣ ಏರುಪೇರುಗಳಿಂದ ಅಂದಾಜು ಕಟ್ಟಬೇಕಾಗಿತ್ತು. ಮಂಗಳನಿಗೆ 1877ರಲ್ಲಿ ಎರಡು ಪುಟ್ಟ ಚಂದ್ರರು ಸಿಕ್ಕಿದರು. ಶುಕ್ರನ ಬಳಿ 1962ರಲ್ಲಿ ಮ್ಯಾರಿನರ್ 2, ಬುಧನ ಬಳಿ 1974ರಲ್ಲಿ ಮ್ಯಾರಿನರ್ 10 ನೌಕೆ ಹಾಯ್ದುಹೋದಾಗ, ನೌಕೆಯ ಹಾದಿ ಎಷ್ಟು ಬಾಗಿತೆಂಬುದೇ ತೂಕ ಹೇಳಿತು.

ಈಗ ಈ ತಕ್ಕಡಿ ಕರ್ನಾಟಕದಲ್ಲಿಯೂ ಇದೆ. ಹಾಸನದ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಭೂಕೇಂದ್ರದಿಂದ ಸುಮಾರು 42,000 ಕಿಲೋಮೀಟರು ದೂರದಲ್ಲಿ, ಹೆಚ್ಚುಕಡಿಮೆ 24 ತಾಸಿಗೊಮ್ಮೆ ಸುತ್ತುತ್ತವೆ. 2014ರ ಸೆಪ್ಟೆಂಬರ್ 24ರಂದು ಮಂಗಳನನ್ನು ಸೇರಿದ ನಮ್ಮ ಮಂಗಳಯಾನದ ಸಂಕೇತಗಳನ್ನು ಬ್ಯಾಲಾಳುವಿನ ದೊಡ್ಡ ಆಂಟೆನಾ ಆಲಿಸಿತು. ಅದರ ಮೊದಲ ಕಕ್ಷೆಯ ಸರಾಸರಿ ದೂರವೂ ಮಂಗಳನ ಕೇಂದ್ರದಿಂದ ಸುಮಾರು 42,000 ಕಿಲೋಮೀಟರೇ. ಸುತ್ತಲು ಹಿಡಿದ ಕಾಲ ಮಾತ್ರ ಸುಮಾರು 73 ತಾಸು. ದೂರ ಒಂದೇ, ಕಾಲ ಮೂರು ಪಟ್ಟು. ಮೂರರ ವರ್ಗ ಒಂಬತ್ತು. ಮಂಗಳ ಭೂಮಿಯ ಒಂಬತ್ತರಲ್ಲೊಂದು ಪಾಲು. ಶಾಲೆಯ ಹುಡುಗನೂ ಮಾಡಬಹುದಾದ ಲೆಕ್ಕವಿದು.

ಭೂಮಿಯನ್ನು ಒಂದು ಸೇರೆಂದು ಹಿಡಿದರೆ ಬುಧ ಅದರ ಹದಿನೆಂಟನೆಯ ಒಂದು ಪಾಲು, ಶುಕ್ರ ಐದರಲ್ಲಿ ನಾಲ್ಕು ಪಾಲು. ಯುರೇನಸ್ ಹದಿನಾಲ್ಕೂವರೆ ಸೇರು, ನೆಪ್ಚೂನ್ 17, ಶನಿ 95, ಗುರು 318. ಉಳಿದ ಏಳನ್ನೂ ಒಂದು ತಟ್ಟೆಯಲ್ಲಿಟ್ಟರೆ ಗುರು ಅವುಗಳ ಎರಡೂವರೆ ಪಟ್ಟು ತೂಗುತ್ತಾನೆ. ಛಂದಸ್ಸನ್ನು ಓದಿದವರಿಗೆ ಗುರು ಎಂದರೆ ಭಾರ, ಲಘು ಎಂದರೆ ಹಗುರ. ದೇವಗುರುವೆಂಬ ಗೌರವದಿಂದ ಹಿರಿಯರು ಇಟ್ಟ ಹೆಸರು ತಕ್ಕಡಿಯ ಮಾತಿಗೂ ಒಪ್ಪಿತು. ಹೊಳಪಿನಲ್ಲಿ ಬೆಳ್ಳಿಗೆ ಸೋತವನು ತೂಕದಲ್ಲಿ ಯಾರಿಗೂ ಸೋಲಲಿಲ್ಲ.