ಜಲಚಿಕಿತ್ಸೆಯ ಇತಿಹಾಸ

ತಣ್ಣೀರು, ಬಿಸಿನೀರು, ಉಗಿ, ಒದ್ದೆ ಬಟ್ಟೆಗಳಿಂದ ರೋಗ ಶಮನಗೊಳಿಸಲು ಯತ್ನಿಸುವ ಜಲಚಿಕಿತ್ಸೆ ಪ್ರಕೃತಿ ಚಿಕಿತ್ಸೆಯ ಮುಖ್ಯ ಅಂಗ. ಸ್ನಾನದ ಹಿತವನ್ನು ಪ್ರಾಚೀನ ನಾಗರಿಕತೆಗಳೆಲ್ಲ ಅರಿತಿದ್ದವು. ಇಂದಿನ ಪದ್ಧತಿಯ ಬೇರು ಮಾತ್ರ ಯುರೋಪಿನಲ್ಲಿದೆ. ಅದರ ಬಗ್ಗೆ ಮೊದಲು ಬರೆದವರಲ್ಲಿ ವೈದ್ಯರಿದ್ದರು: 18ನೆಯ ಶತಮಾನದಲ್ಲಿ ಸೈಲೀಷಿಯಾದ ಯೋಹಾನ್ ಹಾನ್ ತಣ್ಣೀರಿನ ಗುಣಗಳ ಬಗ್ಗೆ ಗ್ರಂಥ ರಚಿಸಿದ, ಜ್ವರಪೀಡಿತರ ಮೇಲೆ ತಣ್ಣೀರು ಸುರಿದು ಥರ್ಮಾಮೀಟರಿನಲ್ಲಿ ತಾಪ ಅಳೆದ ಲಿವರ್‌ಪೂಲಿನ ಜೇಮ್ಸ್ ಕರಿ 1797ರಲ್ಲಿ ತನ್ನ ವರದಿ ಪ್ರಕಟಿಸಿದ. ಜನರ ನಡುವೆ ಅದನ್ನು ಹಬ್ಬಿಸಿದವರು ಬಹುಮಟ್ಟಿಗೆ ವೈದ್ಯರಲ್ಲದವರು.

ಅವರಲ್ಲಿ ಮೊದಲಿಗ ವಿನ್ಸೆಂಟ್ಸ್ ಪ್ರೀಸ್‌ನಿಟ್ಸ್ (1799–1851). ಆಸ್ಟ್ರಿಯನ್ ಸೈಲೀಷಿಯಾದ (ಈಗಿನ ಚೆಕ್ ಗಣರಾಜ್ಯ) ಗ್ರೇಫನ್‌ಬರ್ಗ್ ಹಳ್ಳಿಯ ರೈತನ ಮಗ. ಹರೆಯದಲ್ಲಿ ಗಾಡಿ ಹರಿದು ಪಕ್ಕೆಲುಬು ಮುರಿದಾಗ ಒದ್ದೆ ಪಟ್ಟಿ ಕಟ್ಟಿಕೊಂಡೇ ಚೇತರಿಸಿಕೊಂಡ. ರೋಗಿಗೆ ಒದ್ದೆ ಬಟ್ಟೆ ಸುತ್ತಿ, ಕಂಬಳಿ ಹೊದಿಸಿ, ಬೆವರಿಸಿ, ಬಳಿಕ ತಣ್ಣೀರಿನ ತೊಟ್ಟಿಗೆ ಇಳಿಸುವುದು ಅವನ ಕ್ರಮ. ಎತ್ತರದಿಂದ ಬೀಳುವ ನೀರಧಾರೆಗೆ ಮೈಯೊಡ್ಡುವುದು, ಒರಟು ಊಟ, ಮೈಮುರಿಯುವ ದುಡಿಮೆ ಬೇರೆ. ಸುತ್ತಲಿನ ವೈದ್ಯರು ದೂರಿತ್ತರೂ 1830ರ ದಶಕದಲ್ಲಿ ಸರ್ಕಾರದ ಅನುಮತಿ ಸಿಕ್ಕಿತು. ದಶಕ ಮುಗಿಯುವಷ್ಟರಲ್ಲಿ ವರ್ಷಕ್ಕೆ ಸಾವಿರಕ್ಕೂ ಮಿಕ್ಕಿ ರೋಗಿಗಳು ಬರತೊಡಗಿದ್ದರು. 1842ರಲ್ಲಿ ವಿಲ್ಸನ್ ಮತ್ತು ಗಲ್ಲಿ ಎಂಬ ವೈದ್ಯರು ಇದನ್ನು ಇಂಗ್ಲೆಂಡಿನ ಮಾಲ್ವರ್ನ್‌ಗೆ ತಂದರು. 1849ರಲ್ಲಿ ಚಾರ್ಲ್ಸ್ ಡಾರ್ವಿನ್ ಅಲ್ಲಿ ಚಿಕಿತ್ಸೆ ಪಡೆದ.

ಬವೇರಿಯಾದ ಪಾದ್ರಿ ಸೆಬಾಸ್ಟಿಯನ್ ಕ್ನೈಪ್ (1821–97) ಕ್ಷಯದಿಂದ ಬಳಲುತ್ತಿದ್ದಾಗ ಹಾನ್‌ನ ಗ್ರಂಥ ಓದಿ, ಚಳಿಗಾಲದ ಡ್ಯಾನ್ಯೂಬಿನಲ್ಲಿ ಮುಳುಗೆದ್ದವನು. ಇತರರಿಗೆ ಅವನು ಹೇಳಿದ್ದು ಇದಕ್ಕಿಂತ ಮೃದುವಾದ ಕ್ರಮ: ಗಿಡಕ್ಕೆ ಹನಿಸುವ ಕ್ಯಾನಿನಿಂದ ನೀರು ಸುರಿಯುವುದು, ಇಬ್ಬನಿಯಲ್ಲಿ ಬರಿಗಾಲ ನಡಿಗೆ. 1886ರ ಅವನ ಪುಸ್ತಕ ಹಲವು ಭಾಷೆಗಳಿಗೆ ಹೋಯಿತು. ಬೆನೆಡಿಕ್ಟ್ ಲಸ್ಟ್ ಅದೇ ಪದ್ಧತಿಯನ್ನು ಅಮೆರಿಕಕ್ಕೆ ಒಯ್ದು 'ನ್ಯಾಚುರೋಪತಿ'ಯನ್ನು ಬೆಳೆಸಿದ.

ಭಾರತಕ್ಕೆ ಇದು ಬಂದದ್ದೂ ಪುಸ್ತಕದ ಮೂಲಕವೇ. ಲೈಪ್‌ಜಿಗ್‌ನ ಲೂಯಿ ಕೂನೆಯ ಕೃತಿ 1890ರ ದಶಕದಲ್ಲಿ ತೆಲುಗಿಗೆ ಬಂತು. ರೋಗಗಳೆಲ್ಲಕ್ಕೂ ದೇಹದಲ್ಲಿ ಸೇರಿದ ಕಲ್ಮಶವೊಂದೇ ಕಾರಣವೆಂಬ ಅವನ ವಾದವನ್ನು ಆಧುನಿಕ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಅವನ ಕಟಿಸ್ನಾನ ಮಾತ್ರ ಉಳಿದಿದೆ. 1902ರಲ್ಲಿ ಮುಂಬಯಿಯಲ್ಲಿ ಮಗ ಮಣಿಲಾಲನಿಗೆ ವಿಷಮಶೀತಜ್ವರ ಬಂದಾಗ ಗಾಂಧೀಜಿ ಕಟಿಸ್ನಾನ ಮಾಡಿಸಿ, ಹಿಂಡಿದ ಒದ್ದೆ ಬಟ್ಟೆ ಸುತ್ತಿದರು. ಹುಡುಗ ಗುಣವಾದ, ಅದು ನೀರಿನಿಂದಲೋ, ದೇವರ ಕೃಪೆಯಿಂದಲೋ, ಪಥ್ಯ ಶುಶ್ರೂಷೆಗಳಿಂದಲೋ ಎಂಬುದನ್ನು ಅವರವರ ನಂಬಿಕೆಯಂತೆ ತೀರ್ಮಾನಿಸಿಕೊಳ್ಳಲಿ ಎಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ; ತಮ್ಮ ಮಾನ ಕಾಪಾಡಿದವನು ದೇವರೇ ಎಂಬುದು ಅವರ ಸ್ವಂತ ನಂಬಿಕೆ. 1946ರಲ್ಲಿ ಪುಣೆ ಬಳಿಯ ಉರುಳಿಕಾಂಚನದಲ್ಲಿ ಅವರ ಪ್ರೇರಣೆಯಿಂದ ನಿಸರ್ಗೋಪಚಾರ ಆಶ್ರಮ ಆರಂಭವಾಯಿತು. ಕರ್ನಾಟಕದ ಉಜಿರೆಯಲ್ಲಿ 1989ರಲ್ಲಿ ಪ್ರಕೃತಿ ಚಿಕಿತ್ಸಾ ಕಾಲೇಜು ತೆರೆಯಿತು; ಜಲಚಿಕಿತ್ಸೆ ಈಗ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷಗಳ ಪದವಿಯ ಒಂದು ಪಠ್ಯವಿಷಯ.